ಒಳಗೆ ಸ್ವಲ್ಪ ಬಟ್ಟೆ ಬಿಡಿ: ಉಗಾಂಡಾದಲ್ಲಿ ಆರು ದಿನ

ಐಟಿಐಯಲ್ಲಿ ಇಪ್ಪತ್ತೆಂಟು ವರ್ಷ ಹೊಲಿಗೆ ಕಲಿಸಿ ನಿವೃತ್ತಳಾದವಳು ನಾನು. ಮಗ ಕಂಪಾಲಾದಲ್ಲಿ ಕೆಲಸಕ್ಕೆ ಸೇರಿದಾಗಿಂದ "ಬಾಮ್ಮ, ಗೊರಿಲ್ಲಾ ತೋರಿಸ್ತೀನಿ" ಅಂತ ಕರೆಯುತ್ತಲೇ ಇದ್ದ. ಗೊರಿಲ್ಲಾ ನೋಡೋಕೆ ಕಟ್ಟಬೇಕಾದ ಡಾಲರ್ ಲೆಕ್ಕ ಕೇಳಿ ನಾನೇ ಬೇಡ ಅಂದಿದ್ದೆ. ಆಮೇಲೊಂದು ದಿನ ಫೋನಿನಲ್ಲಿ ಬೇರೆ ಸುದ್ದಿ ತೆಗೆದ. ಅವನ ಆಫೀಸಿನ ಡ್ರೈವರ್ ಊರಲ್ಲಿ, ಅಪ್ಪ ಅಮ್ಮ ಇಲ್ಲದ ಹುಡುಗಿಯರಿಗೆ ಹೊಲಿಗೆ ಕಲಿಸುವ ಜಾಗ ಒಂದಿದೆಯಂತೆ. ಅಲ್ಲಿ ಅರ್ಧ ಮಷಿನ್ ಕೆಟ್ಟು ಕೂತಿವೆಯಂತೆ. ಕೆಟ್ಟ ಮಷಿನ್ ಅಂದ ಮೇಲೆ ನನ್ನನ್ನು ಹಿಡಿಯುವವರು ಯಾರು?

ನವೆಂಬರಿನಲ್ಲಿ ಹೊರಟೆ. ಬ್ಯಾಗಿನಲ್ಲಿ ಸೀರೆಗಿಂತ ಸೂಜಿ ಪ್ಯಾಕೆಟ್, ಬಾಬಿನ್, ಸಣ್ಣ ಸ್ಕ್ರೂಡ್ರೈವರ್‌ಗಳೇ ಜಾಸ್ತಿ. ನೀವೂ ಇಂಥದ್ದು ಒಯ್ಯುವುದಾದರೆ ಚೆಕ್-ಇನ್ ಬ್ಯಾಗಿಗೇ ಹಾಕಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡನ್ನು ಅಲ್ಲಿ ಇಳಿದಾಗಲೂ ಕೇಳುತ್ತಾರೆ, ವಾಪಸು ಬಂದಾಗ ನಮ್ಮವರೂ ಕೇಳುತ್ತಾರೆ.

ಮೊದಲ ದಿನ: ಕಂಪಾಲಾ

ಎಂಟೆಬೆಯಲ್ಲಿ ಇಳಿದಾಗ ಮಳೆ. ಮಗನ ಮನೆ ಸೇರಿ, ಅನ್ನ ಸಾರು ಉಂಡು ಮಲಗಿದವಳು ಮಧ್ಯಾಹ್ನ ಎದ್ದು "ಬಟ್ಟೆ ಅಂಗಡಿ ತೋರಿಸು" ಅಂದೆ. ಅವನು ಕರೆದುಕೊಂಡು ಹೋಗಿದ್ದು ಓವಿನೋ ಮಾರ್ಕೆಟ್ಟಿಗೆ.

ನಮ್ಮ ಕಡೆ ಸಂತೆ ನೋಡಿದವರಿಗೆ ಜನಜಂಗುಳಿ ಹೊಸದಲ್ಲ. ಹೊಸದು ಬಟ್ಟೆ. ರಾಶಿ ರಾಶಿ ಪ್ಯಾಂಟು, ಕೋಟು, ಮಕ್ಕಳ ಫ್ರಾಕು, ಎಲ್ಲ ಯಾರೋ ಉಟ್ಟು ಬಿಟ್ಟಿದ್ದು. ಯುರೋಪು, ಅಮೆರಿಕದಲ್ಲಿ ದಾನ ಕೊಟ್ಟ ಹಳೆ ಬಟ್ಟೆ ದೊಡ್ಡ ದೊಡ್ಡ ಬೇಲ್ ಆಗಿ ಇಲ್ಲಿಗೆ ಬರುತ್ತದೆ. ಲುಗಾಂಡಾ ಭಾಷೆಯಲ್ಲಿ ಇದಕ್ಕೆ ಮಿವುಂಬ ಅನ್ನುತ್ತಾರೆ. ಒಂದು ಒಳ್ಳೆ ಕಾಟನ್ ಷರ್ಟಿನ ಬೆಲೆ ಕೇಳಿದೆ. ಆ ದುಡ್ಡಿಗೆ ನಮ್ಮಲ್ಲಿ ಷರ್ಟಿನ ಹೊಲಿಗೆ ಕೂಲಿಯೂ ಹುಟ್ಟುವುದಿಲ್ಲ. ಎದೆ ಧಸಕ್ ಅಂತು. ಹೀಗಿರುವಾಗ ಇಲ್ಲಿ ಹೊಲಿಗೆ ಕಲಿತು ಹುಡುಗಿಯರು ಏನು ಮಾಡಬೇಕು? ರಾತ್ರಿಯೆಲ್ಲ ಇದೇ ಯೋಚನೆ.

ಎರಡನೇ ದಿನ: ಮಸಾಕಾ ದಾರಿ

ಆ ಹೊಲಿಗೆ ಕಲಿಸುವ ಜಾಗ ಇರುವುದು ಮಸಾಕಾ ಪೇಟೆಯ ಕಡೆ. ಕಂಪಾಲಾದಿಂದ ಮಸಾಕಾಗೆ ಸುಮಾರು 130 ಕಿಲೋಮೀಟರ್. ಊರು ಬಿಡುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಬೋಡಾ ಬೋಡಾ ಅನ್ನುವ ಬಾಡಿಗೆ ಬೈಕುಗಳು ಎಡಬಲ ನುಗ್ಗುತ್ತವೆ. ಒಂದರ ಮೇಲೆ ಅಪ್ಪ, ಅಮ್ಮ, ಎರಡು ಮಕ್ಕಳು, ಒಂದು ಮೇಕೆ. ಮೇಕೆಯ ಮುಖ ಮಾತ್ರ ಬಹಳ ಶಾಂತವಾಗಿತ್ತು.

ಎಂಪಿಗಿ ಹತ್ತಿರ ರಸ್ತೆ ಬದಿಯಲ್ಲಿ ಡೋಲು ಮಾಡುವವರ ಸಾಲು. ಕಯಾಬ್ವೆಯಲ್ಲಿ ಭೂಮಧ್ಯ ರೇಖೆ. ಬಿಳಿ ಬಳೆಯಂಥ ಕಟ್ಟೆ ಇದೆ, ಒಳಗೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಗೆರೆಯ ಈ ಕಡೆ ನೀರು ಬಲಕ್ಕೆ ಸುತ್ತುತ್ತದೆ, ಆ ಕಡೆ ಎಡಕ್ಕೆ ಅಂತ ಒಬ್ಬ ಹುಡುಗ ಬೇಸಿನ್ ಇಟ್ಟು ತೋರಿಸಿದ. ಸುಮ್ನೆ ನೋಡಿ. ನೀರು ಹುಯ್ಯುವಾಗ ಅವನ ಕೈ ಯಾವ ಕಡೆ ತಿರುಗುತ್ತದೆ ಅನ್ನುವುದನ್ನೂ ನೋಡಿ.

ಲುಕಾಯಾದಲ್ಲಿ ಗಾಡಿ ನಿಲ್ಲಿಸುವ ಮೊದಲೇ ಹತ್ತು ಜನ ಓಡಿ ಬಂದು ಕಿಟಕಿಗೆ ಮುತ್ತಿಕೊಂಡರು. ಮೈಮೇಲೆ ನಂಬರು ಬರೆದ ಕೋಟು, ಕೈಯಲ್ಲಿ ಕೆಂಡದಲ್ಲಿ ಸುಟ್ಟ ಗೊಂಜಾ. ಅದು ನಮ್ಮ ನೇಂದ್ರ ಬಾಳೆಯ ಜಾತಿ. ಬಿಸಿಬಿಸಿ, ಸಿಹಿ, ಅಂಚು ಸ್ವಲ್ಪ ಕರಕಲು. ಆ ದಾರಿಯಲ್ಲಿ ಹೋದರೆ ಬಿಡಬೇಡಿ.

ಕತ್ತಲಾಗುತ್ತಿದ್ದಂತೆ ಗುಡ್ಡದ ಮೇಲೆಲ್ಲ ಕಣ್ಣು ಕುಕ್ಕುವ ಬಲ್ಬುಗಳು ಹೊತ್ತಿಕೊಂಡವು. ಜಾತ್ರೆ ಇರಬೇಕು ಅಂದುಕೊಂಡೆ. ತಗಡಿನ ಷೀಟು ನಿಲ್ಲಿಸಿ, ಕೆಳಗೆ ಡ್ರಮ್ಮು ಇಟ್ಟಿದ್ದರು. ನ್ಸೆನೆನೆ ಹಿಡಿಯುವ ಬೋನಂತೆ. ಅಂದರೆ ಹಸಿರು ಮಿಡತೆ. ಬೆಳಕಿಗೆ ಬಂದು ತಗಡಿಗೆ ಬಡಿದು ಜಾರಿ ಡ್ರಮ್ಮಿಗೆ ಬೀಳುತ್ತವೆ. ನವೆಂಬರ್ ಅದರ ಸುಗ್ಗಿ, ಮಸಾಕಾ ಅದಕ್ಕೆ ಹೆಸರುವಾಸಿ. ಲಾಡ್ಜಿನಲ್ಲಿ ಈರುಳ್ಳಿ ಹಾಕಿ ಹುರಿದು ತಂದಿಟ್ಟರು. ಮಗ ತಿಂದ. ನಾನು ನೋಡಿದೆ.

ನನ್ನ ಊಟದ್ದೇ ಒಂದು ಕಥೆ ಆಯಿತು. "ನೋ ಮೀಟ್" ಅಂತ ಮೂರು ಸಲ ಹೇಳಿದ ಮೇಲೆ ಬಂದದ್ದು ಕೋಳಿ. ಕೋಳಿ ಮೀಟ್ ಅಲ್ಲವಂತೆ. ಕೊನೆಗೆ ಮಟೋಕೆ ಮತ್ತು ಬೀನ್ಸ್ ಸಿಕ್ಕಿತು. ಮಟೋಕೆ ಅಂದರೆ ಕಾಯಿ ಬಾಳೆಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಹಿಸುಕಿದ್ದು. ಅದರ ಮೇಲೆ ಕಡಲೆಕಾಯಿ ಸಾರು ಹಾಕಿದರೆ ಒಳ್ಳೆ ರುಚಿ. ಆದರೆ ಸಸ್ಯಾಹಾರಿಗಳು ಮೊದಲು ಕೇಳಿಕೊಳ್ಳಿ, ಕೆಲವರು ಅದಕ್ಕೆ ಒಣ ಮೀನು ಹಾಕುತ್ತಾರೆ.

ಮೂರನೇ ದಿನ: ಮೂರು ಗಂಟೆ ಅಂದರೆ ಎಷ್ಟು?

ಹೊಲಿಗೆ ಕೇಂದ್ರದವರು ಫೋನಿನಲ್ಲಿ "ಸಾವ ಸತು" ಅಂದಿದ್ದರು. ಮಗನಿಗೆ ಲುಗಾಂಡಾ ಅಂಕಿ ಬರುತ್ತದೆ ಅಂತ ಹೆಮ್ಮೆ. ಸತು ಅಂದರೆ ಮೂರು, ಮೂರು ಗಂಟೆಗೆ ಬನ್ನಿ ಅಂದಿದ್ದಾರೆ ಅಂದ. ಬೆಳಗ್ಗೆ ಆರಾಮಾಗಿ ಮಸಾಕಾ ಪೇಟೆ ಸುತ್ತಿದೆವು. ಹಳೆ ಇಂಡಿಯನ್ ಅಂಗಡಿಗಳ ಕಟ್ಟಡ ಇನ್ನೂ ಇವೆ. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನ ಗಡುವು ಕೊಟ್ಟು ಏಷ್ಯಾದವರನ್ನೆಲ್ಲ ಓಡಿಸಿದ. ತಾಂಜಾನಿಯಾ ಜೊತೆ ನಡೆದ 1979ರ ಯುದ್ಧದಲ್ಲಿ ಈ ಪೇಟೆಯೇ ಪುಡಿಯಾಯಿತು.

ಮಧ್ಯಾಹ್ನ ಮೂರಕ್ಕೆ ಕಲಿಸಿಜೊ ಕಡೆಯ ಆ ಹಳ್ಳಿಗೆ ಹೋದರೆ, ಹುಡುಗಿಯರೆಲ್ಲ ಒಗೆದ ಬಟ್ಟೆ ಹಾಕಿಕೊಂಡು ಸೋತ ಮುಖದಲ್ಲಿ ಕೂತಿದ್ದರು. ಬೆಳಗ್ಗೆ ಒಂಬತ್ತರಿಂದ! ಇಲ್ಲಿ ಗಂಟೆ ಎಣಿಸುವುದು ಹೊತ್ತು ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಅವರ ಮೂರು ನಮಗೆ ಒಂಬತ್ತು. ಯಾರಾದರೂ ಲುಗಾಂಡಾದಲ್ಲಿ ಹೊತ್ತು ಹೇಳಿದರೆ ಆರು ಗಂಟೆ ಕೂಡಿಸಿಕೊಳ್ಳಿ. ಮಗ ಮುಖ ಮುಚ್ಚಿಕೊಂಡ. ಹುಡುಗಿಯರು ಮಾತ್ರ ಒಬ್ಬೊಬ್ಬರೇ ಬಂದು ನನ್ನ ಮುಂದೆ ಮಂಡಿಯೂರಿ "ಗ್ಯೆಬಾಲೆ ಕೋ, ನ್ಯಾಬೋ" ಅಂದರು. ನೀವು ಮಾಡಿದ ಕೆಲಸಕ್ಕೆ ವಂದನೆ ಅಂತ ಅದರ ಅರ್ಥ. ಅರ್ಧ ದಿನ ಕಾಯಿಸಿದವಳಿಗೆ!

ಚರ್ಚಿನ ಪಕ್ಕ ಎರಡು ಕೋಣೆ, ತಗಡಿನ ಸೂರು. ಕಾಲಲ್ಲಿ ತುಳಿಯುವ ಮಷಿನ್ ಹನ್ನೊಂದು. ಆರು ಓಡುತ್ತಿದ್ದವು. ಸೀರೆ ಸೆರಗು ಸಿಕ್ಕಿಸಿ ಕೂತೆ. ಎರಡು ಮಷಿನ್ನಿನಲ್ಲಿ ಸೂಜಿಯ ಚಪ್ಪಟೆ ಬದಿ ತಿರುಗಿ ಕೂತಿತ್ತು, ಹಾಗಾಗಿ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಇನ್ನೊಂದರ ಬಾಬಿನ್ ಕೇಸಿನ ಒಳಗೆ ದಾರದ ಚೂರು, ಕೆಂಪು ಧೂಳು, ಎಣ್ಣೆ ಸೇರಿ ಮೇಣವಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಸಂಜೆಯ ಹೊತ್ತಿಗೆ ಒಂಬತ್ತು ಓಡಿದವು. ಉಳಿದ ಎರಡಕ್ಕೆ ಪಾರ್ಟ್ಸೇ ಇಲ್ಲ, ನಾನೇನು ಮಂತ್ರ ಹಾಕಲಿ?

ನನಗೆ ರಾತ್ರಿ ನಿದ್ದೆ ಕೆಡಿಸಿದ್ದ ಪ್ರಶ್ನೆಯನ್ನು ಅಲ್ಲಿನ ಮೇಡಂಗೆ ಕೇಳಿದೆ. ಮಿವುಂಬ ಇರುವಾಗ ಇವರು ಹೊಲಿದಿದ್ದನ್ನು ಕೊಳ್ಳುವವರು ಯಾರು? ಆಕೆ ಗೋಡೆಗೆ ಒರಗಿಸಿದ್ದ ಬಟ್ಟೆ ತಾನುಗಳನ್ನು ತೋರಿಸಿದರು. ಗುಲಾಬಿ, ಹಸಿರು, ಆಕಾಶ ನೀಲಿ. ಎಲ್ಲ ಶಾಲೆ ಯೂನಿಫಾರ್ಮು. "ಹಳೆ ಬಟ್ಟೆ ಬೇಲಿನಲ್ಲಿ ನಮ್ಮ ಶಾಲೆ ಯೂನಿಫಾರ್ಮ್ ಬರುವುದಿಲ್ಲ ಅಲ್ವಾ?" ಅಂದರು. ಇಲ್ಲಿ ಪ್ರತಿ ಶಾಲೆಗೂ ಬೇರೆ ಬಣ್ಣ, ಬೇರೆ ಕಾಲರು. ಫೆಬ್ರವರಿಯಲ್ಲಿ ಶಾಲೆ ಶುರು, ಆದ್ದರಿಂದ ನವೆಂಬರಿನಿಂದ ಜನವರಿವರೆಗೆ ಕೈತುಂಬ ಕೆಲಸ. 1997ರಲ್ಲಿ ಸರಕಾರ ಪ್ರೈಮರಿ ಶಾಲೆಯ ಫೀಸು ತೆಗೆದ ಮೇಲೆ ಮಕ್ಕಳು ಹಿಂಡು ಹಿಂಡಾಗಿ ಶಾಲೆಗೆ ಬಂದರು. ಆದರೆ ಯೂನಿಫಾರ್ಮು, ಪುಸ್ತಕ, ಮಧ್ಯಾಹ್ನದ ಗಂಜಿಯ ಖರ್ಚು ಮನೆಯವರದ್ದೇ. ಎಷ್ಟೋ ಮಕ್ಕಳು ಶಾಲೆ ಬಿಡುವುದು ಅಲ್ಲೇ.

ಇನ್ನೊಂದು ಮಾತು ಹೇಳಿದರು, ಅದು ನಮ್ಮಲ್ಲಿ ಮಷಿನ್ ಹಂಚುವವರೂ ಕೇಳಬೇಕಾದ್ದು. ಮೊದಲು ಕಲಿತು ಹೋಗುವವಳಿಗೆ ಒಂದೊಂದು ಮಷಿನ್ ಕೊಟ್ಟು, ಫೋಟೋ ತೆಗೆದು ಕಳಿಸುತ್ತಿದ್ದರಂತೆ. ಮನೆಯಲ್ಲಿ ಯಾರಿಗೋ ಜ್ವರ ಬಂದರೆ ಮಷಿನ್ ಮಾರಾಟ. ಈಗ ಮೂವರಿಗೆ ಸೇರಿ ಪೇಟೆಯಲ್ಲಿ ಒಂದು ಸಣ್ಣ ಅಂಗಡಿ, ಮಷಿನ್ ಕೇಂದ್ರದ್ದೇ. ಒಬ್ಬಳ ಮನೆಯ ಜ್ವರಕ್ಕೆ ಮೂವರ ಅನ್ನ ಮಾರಲು ಆಗುವುದಿಲ್ಲ. ಜೊತೆಗೆ ಸರಕಾರಿ ಪರೀಕ್ಷೆ ಕಟ್ಟಿಸುತ್ತಾರೆ. ಓದು ಕಮ್ಮಿ ಇದ್ದರೂ ಕೈಕೆಲಸ ಮಾಡಿ ತೋರಿಸಿದರೆ ಸರ್ಟಿಫಿಕೇಟು. ಇದೇ ಮಸಾಕಾ ಕಡೆಯ ಹಳ್ಳಿಯಲ್ಲಿ 2010ರಲ್ಲಿ ಶುರುವಾದ ಆಫ್ರಿಪ್ಯಾಡ್ಸ್ ಅನ್ನುವ ಕಂಪನಿ, ಒಗೆದು ಮತ್ತೆ ಬಳಸುವ ಬಟ್ಟೆ ಪ್ಯಾಡ್ ಹೊಲಿಸುತ್ತದೆ. ಹೊಲಿಯುವವರು ಸುತ್ತಲಿನ ಹೆಂಗಸರೇ.

ಹೊರಡುವಾಗ ಒಬ್ಬ ಹುಡುಗಿ ಟೇಪು ಹಿಡಿದು ಬಂದಳು. ಹದಿನೇಳು ವರ್ಷ ಇರಬಹುದು. ನನಗೆ ಗೊಮೇಸಿ ಹೊಲಿದು ಕೊಡುತ್ತಾಳಂತೆ. ಉಗಾಂಡಾದ ಈ ಭಾಗದ ಹಳೆ ರಾಜ್ಯ ಬುಗಾಂಡಾ, ಅಲ್ಲಿನ ಹೆಂಗಸರ ಹಬ್ಬದ ಉಡುಪು ಅದು. ನೆಲ ಮುಟ್ಟುವಷ್ಟು ಉದ್ದ, ಚೌಕ ಕುತ್ತಿಗೆ, ಎಡಕ್ಕೆ ಎರಡು ಗುಂಡಿ, ಹೆಗಲ ಮೇಲೆ ಚೂಪಾಗಿ ಎದ್ದು ನಿಲ್ಲುವ ತೋಳು, ಸೊಂಟಕ್ಕೆ ಅಗಲ ಪಟ್ಟಿ. ಈ ಹೆಸರು ಬಂದದ್ದು ಗೋಮ್ಸ್ ಅನ್ನುವ ಗೋವಾ ದರ್ಜಿಯಿಂದ. ನೂರು ವರ್ಷಕ್ಕೂ ಹಿಂದೆ ಗಯಾಜಾ ಹೆಣ್ಣುಮಕ್ಕಳ ಶಾಲೆಗೆ ಅಂತ ಹೊಲಿದದ್ದು, ಇಡೀ ನಾಡಿನ ಉಡುಪಾಯಿತು. ಕಾರವಾರದಿಂದ ಕೂಗಳತೆಯ ಊರಿನ ದರ್ಜಿ! ನನಗೆ ಸುಮ್ಮಸುಮ್ಮನೆ ಜಂಬ ಬಂತು.

ನಾಲ್ಕನೇ ದಿನ: ಜಾಜ್ಜಾ ಮನೆ

ಆ ಹುಡುಗಿಯೇ ತನ್ನ ಮನೆಗೆ ಕರೆದಳು. ಅಜ್ಜಿಗೆ ಇಲ್ಲಿ ಜಾಜ್ಜಾ ಅನ್ನುತ್ತಾರೆ. ಕೇಳಿದ ಕೂಡಲೇ ನನಗೆ ಅಜ್ಜಿ ಅಂತಲೇ ಕೇಳಿಸಿತು, ಕೊನೆವರೆಗೂ ಹಾಗೇ ಕರೆದೆ. ಯಾರೂ ತಿದ್ದಲಿಲ್ಲ.

ದಾರಿ ಇಕ್ಕೆಲದಲ್ಲಿ ಬಾಳೆ, ಅದರ ನೆರಳಲ್ಲಿ ರೊಬಸ್ಟಾ ಕಾಫಿ. ಗಿಡದ ರೆಂಬೆ ಸವರದೆ ಬಿಟ್ಟಿದ್ದಾರೆ ಅಂತ ಸಕಲೇಶಪುರದ ನನ್ನ ತಮ್ಮ ನೋಡಿದ್ದರೆ ಗೊಣಗುತ್ತಿದ್ದ. "ಮುಯಿಂಡಿ! ಮುಯಿಂಡಿ!" ಅಂತ ಮಕ್ಕಳು ಹಿಂದೆ ಓಡಿ ಬಂದರು. ಇಂಡಿಯಾದವಳು ಅಂತ.

ಅಜ್ಜಿಗೆ ಎಪ್ಪತ್ತೆಂಟೋ ಎಂಬತ್ತೋ. ಚಾಪೆ ಹಾಸಿ ಕೂರಿಸಿದಳು. ಹುಡುಗಿ ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ನಾನು ಮಾಂಸ ತಿನ್ನುವುದಿಲ್ಲ, ಮೊಟ್ಟೆಯೂ ಇಲ್ಲ ಅಂದಾಗ ಅಜ್ಜಿ ಚಪ್ಪಾಳೆ ತಟ್ಟಿ ನಕ್ಕಳು. ಅವಳು ಚಿಕ್ಕವಳಿದ್ದಾಗ ಬುಗಾಂಡಾದಲ್ಲಿ ಹೆಂಗಸರು ಕೋಳಿ, ಮೊಟ್ಟೆ, ಕುರಿ ಮಾಂಸ ಮುಟ್ಟುವಂತಿರಲಿಲ್ಲ. ಗಂಡಸರಿಗೆ ಬೇಯಿಸಿ ಬಡಿಸುವುದಷ್ಟೇ. "ಈಗಿನ ಹುಡುಗಿಯರು ಎಲ್ಲ ತಿನ್ನುತ್ತಾರೆ. ನೀನೊಬ್ಬಳು ಹಳೆ ಕಾಲದ ಸೊಸೆ ಸಿಕ್ಕಿದೆ" ಅಂದಳು. ಎರಡು ದಿನದ ನನ್ನ ಊಟದ ಕಷ್ಟ ಅರ್ಥವಾದದ್ದು ಇವಳೊಬ್ಬಳಿಗೆ. ಹಲಸಿನ ಹಣ್ಣು ಬಿಡಿಸಿ ಕೊಟ್ಟಳು.

ಬಾಳೆ ತೋಟದ ಒಳಗೇ ಸಿಮೆಂಟು ಮಾಡಿದ ಸಮಾಧಿಗಳು. ಇಲ್ಲಿ ಮನೆಯವರನ್ನು ಮನೆ ಜಮೀನಿನಲ್ಲೇ ಮಣ್ಣು ಮಾಡುತ್ತಾರೆ. ಮೂರು ಮಕ್ಕಳು, ಎಲ್ಲ 90ರ ದಶಕದಲ್ಲಿ. "ಸಿಲಿಮು" ಅಂದಳು. ಮೈ ಸಣಕಲಾಗುವ ಕಾಯಿಲೆ ಅಂತ ಇಂಗ್ಲಿಷಿನಲ್ಲಿ ಸ್ಲಿಮ್ ಅನ್ನುತ್ತಿದ್ದರು, ಅದೇ ಇವರ ಬಾಯಲ್ಲಿ ಸಿಲಿಮು. ಅಂದರೆ ಏಡ್ಸ್. ಮೊದಮೊದಲು ಹೆಣ ಸುತ್ತಲು ಮುತುಬಾ ಮರದ ತೊಗಟೆ ಬಟ್ಟೆ ಸಿಗುತ್ತಿತ್ತು, ಆಮೇಲಾಮೇಲೆ ಅದನ್ನು ಕೊಳ್ಳಲೂ ಕೈಲಾಗಲಿಲ್ಲ ಅಂದಳು. ಆ ತೊಗಟೆ ಬಟ್ಟೆ ಬಡಿಯುವ ಕಲೆಯನ್ನು 2005ರಲ್ಲಿ ಯುನೆಸ್ಕೋ ಮಾನವಕುಲದ ಸಂಪತ್ತು ಅಂತ ಗುರುತಿಸಿದೆ. ಅಜ್ಜಿಗೆ ಅದು ಹೆಣದ ಬಟ್ಟೆ.

ಸತ್ತವರ ಏಳು ಮಕ್ಕಳನ್ನು ಸಾಕಿದಳು. ಅನಾಥ ಮಗುವಿಗೆ ಲುಗಾಂಡಾದಲ್ಲಿ ಮುಲೆಕ್ವ ಅನ್ನುತ್ತಾರೆ, ಹೋದವರು ಹಿಂದೆ ಬಿಟ್ಟ ಮಗು ಅಂತ. ಅವರಲ್ಲಿ ಒಬ್ಬಳು ಹೆರಿಗೆಯಲ್ಲಿ ಹೋದಳು, ಅವಳ ಮಗಳೇ ನಮ್ಮ ಹುಡುಗಿ. "ನಾನು ಎರಡು ಸುತ್ತು ಸಾಕಿದ್ದೇನೆ" ಅಂತ ಅಜ್ಜಿ ಎರಡು ಬೆರಳು ಎತ್ತಿದಳು. ಅನಾಥಾಶ್ರಮಕ್ಕೆ ಯಾಕೆ ಕಳಿಸಲಿಲ್ಲ ಅಂತ ಮಗ ಕೇಳಿಬಿಟ್ಟ. ಹುಡುಗಿ ತಿರುಗಿಸಿ ಹೇಳಲಿಲ್ಲ. ಆದರೂ ಅಜ್ಜಿಗೆ ತಿಳಿಯಿತು ಅಂತ ಕಾಣುತ್ತದೆ. ತೋಟದ ಕಡೆ ಕೈ ತೋರಿಸಿದಳು. "ಇವರು ಇಲ್ಲಿಲ್ಲದಿದ್ದರೆ ಈ ಜಮೀನು ಇವರದ್ದು ಅಂತ ಯಾರು ಹೇಳುತ್ತಾರೆ? ಚಿಕ್ಕಪ್ಪಂದಿರು ಕಾಯುತ್ತಿದ್ದರು." ನಾನು ಇದನ್ನು ಯೋಚಿಸಿರಲೇ ಇಲ್ಲ. ಮಗುವನ್ನು ದೊಡ್ಡ ಕಟ್ಟಡಕ್ಕೆ ಒಯ್ದು ಹಾಲು ಬ್ರೆಡ್ಡು ಕೊಡಬಹುದು. ಹದಿನೆಂಟಾದ ಮೇಲೆ ಅದು ವಾಪಸು ಬರುವುದು ಯಾವ ಊರಿಗೆ?

1987ರಿಂದ ಮಸಾಕಾದ ಕಿಟೋವು ಆಸ್ಪತ್ರೆಯ ಸಿಸ್ಟರ್‌ಗಳು ಗಾಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿ, ಕಾಯಿಲೆಯವರನ್ನು ಅವರ ಮನೆಯಲ್ಲೇ ನೋಡಿಕೊಂಡರು. ಆಮೇಲೆ ಶಾಲೆ ಬಿಟ್ಟ ಮಕ್ಕಳಿಗೆ ಅವರವರ ಊರಿನಲ್ಲೇ ಬೇಸಾಯ ಕಲಿಸಿದರು. ಅಪ್ಪ ಅಮ್ಮ ಸತ್ತ ಮನೆಯಲ್ಲಿ ಗುದ್ದಲಿ ಹಿಡಿಯುವುದನ್ನು ಹೇಳಿಕೊಡುವವರೂ ಇರಲಿಲ್ಲವಲ್ಲ.

ಹಾಸಿಗೆ ಅಡಿಯಿಂದ ಅಜ್ಜಿ ಒಂದು ಕಬ್ಬಿಣದ ಪೆಟ್ಟಿಗೆ ಎಳೆದಳು. ಮೂರು ಬೀಗ. ಅಜ್ಜಿಯರ ಉಳಿತಾಯ ಸಂಘದ ಪೆಟ್ಟಿಗೆ. ಮೂರು ಬೀಗದ ಕೈ ಮೂವರು ಅಜ್ಜಿಯರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಎಲ್ಲರೂ ಸೇರದೆ ತೆಗೆಯಲು ಆಗುವುದಿಲ್ಲ. ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಪಾಸ್‌ಬುಕ್ ಯಾರ ಹತ್ತಿರ ಇರಬೇಕು ಅಂತ ನಡೆದ ಜಗಳಗಳೆಲ್ಲ ನೆನಪಾದವು.

ಪೆಟ್ಟಿಗೆ ಹಿಂದಿನಿಂದ ಒಂದು ಮಾಸಲು ಗುಲಾಬಿ ಯೂನಿಫಾರ್ಮು ತೆಗೆದು ನನ್ನ ಮಡಿಲಿಗೆ ಎಸೆದಳು. ಹುಡುಗಿ ತಲೆ ತಗ್ಗಿಸಿದಳು. ಅವಳೇ ಹೊಲಿದ ಮೊದಲ ಯೂನಿಫಾರ್ಮು, ಮನೆಯ ಚಿಕ್ಕ ಮಗುವಿಗೆ. ತಿರುಗಿಸಿ ನೋಡಿದೆ. ಹೊಲಿಗೆ ನೆಟ್ಟಗಿದೆ, ನೆರಿಗೆ ಸಮವಾಗಿದೆ. ಪರೀಕ್ಷೆಯಲ್ಲಾಗಿದ್ದರೆ ನೂರಕ್ಕೆ ಎಂಬತ್ತು ಕೊಡುತ್ತಿದ್ದೆ.

"ಒಳಗೆ ಬಟ್ಟೆ ಎಲ್ಲಿದೆ?" ಅಂದಳು ಅಜ್ಜಿ. ಕೆಳಗಂಚು ಮಡಿಸಿದ್ದು ಒಂದೇ ಇಂಚು. ಹತ್ತು ತಿಂಗಳಿಗೆ ಮೊಣಕಾಲು ಬಿಟ್ಟು ಮೇಲೆ ಹೋಯಿತಂತೆ. ಶಾಲೆಯಲ್ಲಿ ಬೈದರು. ಹೊಸದಕ್ಕೆ ದುಡ್ಡಿಲ್ಲ. ಹಿಂದೆ ಪೇಟೆಯ ದರ್ಜಿ ನಾಲ್ಕು ಬೆರಳು ಒಳಗೆ ಬಿಡುತ್ತಿದ್ದ, ಒಂದೊಂದು ವರ್ಷ ಒಂದೊಂದು ಬೆರಳು ಬಿಚ್ಚುತ್ತಿದ್ದೆ ಅಂದಳು.

ನನ್ನ ಮುಖ ಬಿಸಿಯಾಯಿತು. ಇಪ್ಪತ್ತೆಂಟು ವರ್ಷ ನಾನೂ ಒಂದೇ ಇಂಚು ಕಲಿಸಿದ್ದೇನೆ. ಜಾಸ್ತಿ ಬಟ್ಟೆ ಬಿಟ್ಟವರಿಗೆ ಮಾರ್ಕ್ಸು ಕಳೆದಿದ್ದೇನೆ. "ಬೆಳೆಯೋ ಮಗು, ದೊಡ್ಡದಾಗೇ ಹೊಲಿ" ಅಂತ ನಮ್ಮಮ್ಮ ದರ್ಜಿಗೆ ಹೇಳುತ್ತಿದ್ದದ್ದು ಸಿಲಬಸ್ಸಿನಲ್ಲಿ ಇರಲಿಲ್ಲ.

ಐದನೇ ದಿನ: ಕಾಸೆನ್ಸೆರೊ, ಕೆಸರು

ಬೆಳಗ್ಗೆ ಮತ್ತೆ ಕೇಂದ್ರಕ್ಕೆ ಹೋದೆ, ಈ ಸಲ ಒಂಬತ್ತಕ್ಕೇ. ನಾಲ್ಕು ಬೆರಳು ಮಡಿಸಿ, ಕೈಯಲ್ಲಿ ಉದ್ದುದ್ದ ಹೊಲಿಗೆ ಹಾಕುವುದನ್ನು ತೋರಿಸಿದೆ. ದಾರದ ತುದಿ ಎಳೆದರೆ ಬಿಚ್ಚಿಕೊಳ್ಳಬೇಕು, ಮಗು ಓಡಿದರೆ ಬಿಚ್ಚಿಕೊಳ್ಳಬಾರದು. ಬಟ್ಟೆ ಜಾಸ್ತಿ ಹಿಡಿಯುತ್ತದಲ್ಲ ಅಂತ ಮೇಡಂ ಲೆಕ್ಕ ತೆಗೆದರು. ಅದೂ ನಿಜ. ದರಕ್ಕೆ ಸ್ವಲ್ಪ ಸೇರಿಸಿ, ಮೂರು ವರ್ಷ ಬರುತ್ತದೆ ಅಂತ ಹೇಳಿ ಮಾರಿ ಅಂದೆ. ಕೊಳ್ಳುವವರು ಅಜ್ಜಿಯರೇ ತಾನೆ.

ಮಧ್ಯಾಹ್ನ ವಿಕ್ಟೋರಿಯಾ ಸರೋವರದ ದಡದ ಕಾಸೆನ್ಸೆರೊಗೆ ಹೊರಟೆವು. ಉಗಾಂಡಾದಲ್ಲಿ ಏಡ್ಸ್ ಮೊದಲು ಕಂಡದ್ದು ಈ ಮೀನುಗಾರರ ಊರಲ್ಲಿ, 1982ರಲ್ಲಿ. ಆಗ ಇದಕ್ಕೆ ಹೆಸರೇ ಇರಲಿಲ್ಲ. ಗಡಿ ಆಚೆಯ ವ್ಯಾಪಾರಿಗಳಿಗೆ ಮೋಸ ಮಾಡಿದ್ದಕ್ಕೆ ಮಾಟ ಹಾಕಿದ್ದಾರೆ ಅಂತ ನಂಬಿದ್ದರು. ತಾಂಜಾನಿಯಾ ಕಡೆ ಇದನ್ನು ಜೂಲಿಯಾನ ಅನ್ನುತ್ತಿದ್ದರಂತೆ. ಆಗ ವ್ಯಾಪಾರಕ್ಕೆ ಬರುತ್ತಿದ್ದ ಒಂದು ಚೆಂದದ ಬಟ್ಟೆಯ ಹೆಸರು ಅದು. ಕಾಯಿಲೆಗೆ ಬಟ್ಟೆಯ ಹೆಸರು ಇಟ್ಟದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. 1994ರಲ್ಲಿ ರುವಾಂಡಾದ ನರಮೇಧದ ಹೆಣಗಳು ಕಾಗೇರಾ ನದಿಯಲ್ಲಿ ತೇಲಿ ಬಂದು ಸೇರಿದ್ದೂ ಇದೇ ದಡಕ್ಕೆ. ಅವರ ಸಾಮೂಹಿಕ ಸಮಾಧಿ ಇಲ್ಲೇ ಇದೆ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಹೋದರೆ, ಅಲ್ಲಿ ಹೆಂಗಸರು ಬೆಳ್ಳಿ ಬಣ್ಣದ ಸಣ್ಣ ಮೀನು ಒಣಗಿಸುತ್ತಾ ರೇಡಿಯೋ ಜೊತೆ ಹಾಡುತ್ತಿದ್ದರು. ಒಬ್ಬ ದೋಣಿಯವನ ಜೊತೆ ಮಾತಿಗೆ ಬಿದ್ದೆವು. "ಎಲ್ಲರೂ ಇಲ್ಲಿಗೆ ಸಾವು ಕೇಳೋಕೆ ಬರುತ್ತಾರೆ, ಮೀನಿನ ರೇಟು ಯಾರೂ ಕೇಳುವುದಿಲ್ಲ" ಅಂದ. ಮಗ ತಕ್ಷಣ ಮೀನಿನ ರೇಟು ಕೇಳಿದ.

ಬರುವಾಗ ಮಳೆ ಹಿಡಿಯಿತು. ಕೆಂಪು ಮಣ್ಣಿನ ರಸ್ತೆ ಸೋಪು ಹಚ್ಚಿದಂತೆ. ಗಾಡಿ ಮೆಲ್ಲಗೆ ಅಡ್ಡ ತಿರುಗಿ ಚರಂಡಿಗೆ ಕೂತಿತು. ಶಾಲೆ ಬಿಟ್ಟು ಬರುತ್ತಿದ್ದ ಹುಡುಗರು ಬಾಳೆ ಎಲೆ ತಲೆ ಮೇಲೆ ಹಿಡಿದೇ ನೂಕಿದರು. ನಾನು ಇಳಿದು ನಿಂತು ಅವರ ಚಡ್ಡಿಯ ಅಂಚು ನೋಡುತ್ತಿದ್ದೆ. ಒಬ್ಬನ ಚಡ್ಡಿಯಲ್ಲಿ ಬಿಚ್ಚಿದ ಎರಡು ಗೆರೆ ಕಂಡವು. ಯಾವುದೋ ಅಜ್ಜಿಯ ಕೈ. ಮಳೆಗಾಲದಲ್ಲಿ ಆ ದಾರಿಗೆ ಹೋಗುವವರು ಆಕಾಶ ನೋಡಿಕೊಂಡು ಹೊರಡಿ.

ಆರನೇ ದಿನ: ಗೊಮೇಸಿ

ಕಂಪಾಲಾಕ್ಕೆ ಹೊರಡುವ ಮೊದಲು ಗೊಮೇಸಿ ತರಲು ಹೋದೆವು. ನೇರಳೆ ಬಣ್ಣ, ಹಳದಿ ಪಟ್ಟಿ. ಸೀರೆ ಮೇಲೇ ಹಾಕಿ ನಿಲ್ಲಿಸಿದರು. ಹನ್ನೆರಡು ಹುಡುಗಿಯರು ಸುತ್ತ ನಿಂತು ನೋಡಿದರು. ಒಂದು ತೋಳು ಇನ್ನೊಂದಕ್ಕಿಂತ ಅರ್ಧ ಇಂಚು ಚೂಪು. ಬಾಯಿ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅಭ್ಯಾಸಬಲ ನೋಡಿ, ಕೆಳಗಂಚು ತಿರುವಿ ನೋಡದೆ ಇರಲು ಆಗಲಿಲ್ಲ. ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿ, ಉದ್ದುದ್ದ ಕೈಹೊಲಿಗೆ ಹಾಕಿದ್ದಳು.

"ಇದು ಮಕ್ಕಳ ಬಟ್ಟೆಗೆ ಹೇಳಿಕೊಟ್ಟಿದ್ದಲ್ವಾ? ನನಗ್ಯಾಕೆ?" ಅಂದೆ.

ಹುಡುಗಿ ಮಂಡಿಯೂರಿ ಕೂತು ಅಂಚು ಸರಿಮಾಡುತ್ತಲೇ ಹೇಳಿದಳು, "ಮೇಡಂ, ನೀವೂ ಬೆಳೆಯಬಹುದಲ್ಲ."